ಬಾಸುಂದಿ ಹಾಕಿದ ಥಾಯ್ ಚಹಾ

ಸುಫಾನ್‌ಬುರಿ, ಥಾಯ್ಲೆಂಡ್
11 ಮಾರ್ಚ್ 2001

ಅಕ್ಕಾ, ಶರಣು.

ನಾನು ಆರಾಮ ಇದ್ದೇನೆ. ಕಬ್ಬು ಅರೆಯುವ ಹಂಗಾಮು ಇನ್ನೊಂದು ತಿಂಗಳು ನಡೆಯಬಹುದು. ಮುಧೋಳದ ಕಡೆ ಕಾರ್ಖಾನೆಯಲ್ಲಿ ಮಾಡುತ್ತಿದ್ದ ಕೆಲಸವೇ ಇಲ್ಲಿಯೂ. ರಸ ಕುದಿಯುವ ಪ್ಯಾನಿನ ಮುಂದೆ ನಿಂತು ಪಾಕ ಹರಳುಗಟ್ಟುವುದನ್ನು ಕಾಯುವುದು. ನಮ್ಮ ಬಿಸಿಲು ಒಣ ಬಿಸಿಲು, ಇಲ್ಲಿಯದು ಹಬೆ. ಅಷ್ಟೇ ಫರಕು.

ಪರಸಪ್ಪನ ಕೈಯಲ್ಲಿ ಒಂದು ಪೊಟ್ಟಣ ಕಳಿಸಿದ್ದೇನೆ. ಅವನು ಮುಧೋಳದವನು, ನಮ್ಮಲ್ಲಿ ಫಿಟ್ಟರ್, ರಜೆಗೆ ಬರುತ್ತಿದ್ದಾನೆ. ಪೊಟ್ಟಣದಲ್ಲಿ ಇರುವುದು ಚಹಾ ಪುಡಿ. ಕೆಂಪಗಿದೆ, ಕುಂಕುಮವೆಂದು ದೇವರ ಜಗಲಿಯ ಮೇಲೆ ಇಟ್ಟೀಯೆ! ಇಲ್ಲಿ ಇದನ್ನು ತಣ್ಣಗೆ ಮಾಡಿ ಕುಡಿಯುತ್ತಾರೆ. ಬೂತಿನಿಂದ ಫೋನು ಮಾಡಿದಾಗ ಅವ್ವ ಬಿಸಿಲಿಗೆ ಊಟ ಬಿಟ್ಟಿದ್ದಾಳೆ ಎಂದು ನೀನೇ ಹೇಳಿದ್ದೆ. ಬೀಳಗಿ ಕಡೆಯ ನಮ್ಮೂರು ಹಿನ್ನೀರಿಗೆ ಹೋಗಿ ಅವಳು ನಿಮ್ಮ ಮನೆಗೆ ಬಂದಾಗಿನಿಂದ ಪ್ರತಿ ಬೇಸಿಗೆ ಇದೇ ಕತೆ. ಹೊಳೆಯ ಗಾಳಿ ಉಂಡವಳಿಗೆ ಬನಹಟ್ಟಿಯ ತಗಡಿನ ಮಾಡು ಒಗ್ಗುವುದಿಲ್ಲ. ಅವಳಿಗೆ ಇದನ್ನು ಮಾಡಿಕೊಡು.

ನೀರು ಕುದಿಯುವಾಗ ಒಂದು ಚಕ್ರಮೊಗ್ಗು, ಎರಡು ಏಲಕ್ಕಿ, ಬೆರಳುದ್ದ ದಾಲ್ಚಿನ್ನಿ ಹಾಕು. ಹುರಿದ ಹುಣಸೆ ಬೀಜ ಒಂದೆರಡು ಜಜ್ಜಿ ಹಾಕಿದರೂ ನಡೆದೀತು. ಪಾತ್ರೆ ಒಲೆಯಿಂದ ಇಳಿಸಿದ ಮೇಲೆ ಪುಡಿ ಹಾಕಿ ಮುಚ್ಚಿಡು. ಪುಡಿಯನ್ನು ನಮ್ಮ ಚಹಾದ ಹಾಗೆ ಕುದಿಸಬಾರದು. ಕುದಿಸಿದರೆ ಎಲೆ ಮುನಿಸಿಕೊಳ್ಳುತ್ತದೆ ಎಂದು ಇಲ್ಲಿಯವರು ಹೇಳುತ್ತಾರೆ. ಉದ್ದನೆಯ ಬಟ್ಟೆ ಚೀಲದಲ್ಲಿ ಸೋಸಿ, ಬಿಸಿ ಇರುವಾಗಲೇ ಸಕ್ಕರೆ ಹಾಕು. ಆರಿದ ಮೇಲೆ ಲೋಟದ ತುಂಬ ಬರ್ಫ ತುಂಬಿ ಚಹಾ ಸುರಿ. ಕೊನೆಗೆ ಮೇಲೆ ಡಬ್ಬಿಯ ಗಟ್ಟಿ ಹಾಲು. ಕಲಸಬೇಡ. ಕುಡಿಯುವವರು ಕಲಸಿಕೊಳ್ಳಬೇಕು.

ಅವ್ವ ಏನಂದಳು ಎಂದು ಬರೆ.

ವೀರೇಶ

*

ಬನಹಟ್ಟಿ
9 ಏಪ್ರಿಲ್ 2001

ವೀರೂ,

ಪೊಟ್ಟಣ ಮುಟ್ಟಿತು. ಪರಸಪ್ಪನನ್ನು ಕೂಡಿಸಿ ನಿನ್ನ ಸುದ್ದಿ ಕೇಳೋಣವೆಂದರೆ ಅಂಗಳದಲ್ಲೇ ನಿಂತು, 'ಭಾಳ ಆರಾಮ ಅದಾನ್ರಿ, ಏನೂ ಚಿಂತಿ ಮಾಡಬ್ಯಾಡ್ರಿ' ಎಂದವನೇ ಗಾಡಿ ಚಾಲೂ ಮಾಡಿಬಿಟ್ಟ. ಮುಖವನ್ನೂ ಸರಿಯಾಗಿ ತೋರಿಸಲಿಲ್ಲ. ರಜೆಗೆ ಬಂದವನಿಗೆ ಅದೆಂಥ ಅವಸರವೋ.

ಮೊದಲ ದಿನದ ಕತೆ ಕೇಳು. ಬಟ್ಟೆ ಚೀಲ ಬೇಕು ಎಂದು ಬರೆದಿದ್ದೆ. ಬನಹಟ್ಟಿಯಲ್ಲಿ ಬಟ್ಟೆಗೆ ಬರವೇ? ನಮ್ಮ ಮನೆಯವರು, ನಿಮ್ಮ ಮಾಮಾ, ಅಂದೇ ಮಗ್ಗದಿಂದ ಇಳಿಸಿದ ಕೇಸರಿ ಸೀರೆಯ ತುಂಡೊಂದನ್ನು ಕೊಟ್ಟರು. ಚೀಲ ಹೊಲಿದು ಸೋಸಿದೆ. ಬಣ್ಣ ಎಷ್ಟು ಛಲೋ ಬಂತೆಂದರೆ, ನಿನ್ನ ಥಾಯ್ಲೆಂಡಿನವರು ನನ್ನ ಹತ್ತಿರ ಬಂದು ಕಲಿಯಬೇಕು ಎಂದುಕೊಂಡೆ. ಅವ್ವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. 'ಇದು ಚಹಾ ಅಲ್ಲ ಬೇ, ಅಂಬಲಿ' ಎಂದಳು. ನೋಡಿದರೆ ಹೊಸ ಬಟ್ಟೆಯ ಗಂಜಿಯೆಲ್ಲ ಚಹಾಕ್ಕೆ ಇಳಿದಿದೆ. ಬಣ್ಣವೂ ಚಹಾದ್ದಲ್ಲ, ಸೀರೆಯದು. ನೇಕಾರರ ಮನೆ ಸೇರಿ ಇಷ್ಟು ವರ್ಷವಾಯಿತು. ಹೊಸ ಸೀರೆ ನೆನೆಹಾಕದೆ ಉಡಬೇಡಿರೆಂದು ಊರಿಗೆಲ್ಲ ಬುದ್ಧಿ ಹೇಳುವವಳು, ನೆನೆಹಾಕದ ಬಟ್ಟೆಯಲ್ಲಿ ಚಹಾ ಸೋಸಿದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಾನಿಯಲ್ಲಿ ಬಿದ್ದಂತಾಯಿತು. ನಿಮ್ಮ ಮಾಮಾ ಇನ್ನೂ ನಗುತ್ತಿದ್ದಾರೆ.

ಎರಡನೆಯ ಸಲ ಹಳೆಯ ಧೋತರದ ತುಂಡು ಕುದಿಸಿ ಒಣಗಿಸಿ ಸೋಸಿದೆ. ಬರ್ಫ ಐಸ್‌ಕ್ಯಾಂಡಿ ಅಂಗಡಿಯಿಂದ ಬಂತು, ಹೊಟ್ಟು ತುಂಬಿದ ಗೋಣಿಚೀಲದಲ್ಲಿ. ತೊಳೆದು ತೊಳೆದು ಅರ್ಧ ನೀರಾಯಿತು. ಡಬ್ಬಿ ಹಾಲು ಜಮಖಂಡಿ ಪೇಟೆಯಲ್ಲೂ ಸಿಗಲಿಲ್ಲ. ಎಮ್ಮೆ ಹಾಲಿಗೆ ಸಕ್ಕರೆ ಹಾಕಿ ಕಾಯಿಸಿ ಬಾಸುಂದಿ ಮಾಡಿದೆ, ಅದನ್ನೇ ಮೇಲೆ ಸುರಿದೆ. ಅವ್ವ ಲೋಟ ಖಾಲಿ ಮಾಡಿ, ತಳದ ಬರ್ಫವನ್ನೂ ಬಾಯಿಗೆ ಹಾಕಿಕೊಂಡು, 'ನಾಳಿಗಿ ಮಾಡ್ತೀಯೇನು?' ಎಂದಳು.

ನಿನಗೆ ಗೊತ್ತಲ್ಲ, ಲಗ್ನದ ಮನೆಗೆ ಹೋದರೂ ತನ್ನ ತಂಬಿಗೆ ತಾನೇ ಒಯ್ಯುವವಳು. ಪರರ ಕೈಯ ನೀರು ಅವಳಿಗೆ ನಡೆಯುವುದಿಲ್ಲ. 'ಪರದೇಶದ ಚಹಾ ಹೆಂಗ ನಡೀತು ನಿನಗ?' ಎಂದು ಕೆಣಕಿದೆ. 'ಪುಡಿ ಯಾವುದಾದ್ರೇನ ಬೇ? ನೀರು ನಮ್ಮದು, ಹಾಲು ನಮ್ಮದು, ಮಾಡಿದ ಕೈ ನಮ್ಮದು' ಎಂದಳು.

ಆದರೆ ನನಗೊಂದು ಅನುಮಾನ. ಇಲ್ಲಿದ್ದಾಗ ನೀನು ಬಿಸಿನೀರು ಕಾಯಿಸಿದರೂ ತಳ ಹಿಡಿಸುತ್ತಿದ್ದೆ. ಎಲೆ ಮುನಿಸಿಕೊಳ್ಳುತ್ತದೆ ಎನ್ನುವಷ್ಟು ಜಾಣತನ ಎಲ್ಲಿಂದ ಬಂತು? ನನಗೆ ಅರ್ಥವಾಯಿತು. ಅಲ್ಲಿ ಕಾರ್ಖಾನೆಯ ಮೆಸ್ಸು ನಿಂತಿದೆ, ನೀನೇ ಕೈ ಸುಟ್ಟುಕೊಂಡು ಬೇಯಿಸುತ್ತಿದ್ದೀ. ಅದಕ್ಕೇ ಹೇಳುವುದು, ಲಗ್ನವಾಗು. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಮುರಗೆಪ್ಪನವರ ಮಗಳು ಪ್ರತಿಮಾ, ಬಿ.ಎ. ಆಗಿದೆ. ನಾನೂ ಅವ್ವನೂ ಹೋಗಿ ನೋಡಿ ಬಂದೆವು. ಏನು ಹೇಳುತ್ತಿ?

ಗಂಗಾಂಬಿಕಾ

*

ಸುಫಾನ್‌ಬುರಿ
30 ಏಪ್ರಿಲ್ 2001

ಅಕ್ಕಾ, ಶರಣು.

ನಿನ್ನ ಪತ್ರ ಓದಿ ಇಲ್ಲಿಯೂ ನಕ್ಕದ್ದೇ ನಕ್ಕದ್ದು. ಗಂಜಿಯ ಸಂಗತಿಯನ್ನು ಎರಡೆರಡು ಸಲ ಓದಿ ಹೇಳಬೇಕಾಯಿತು.

ಡಬ್ಬಿ ಹಾಲಿಗಿಂತ ಬಾಸುಂದಿಯೇ ಮೇಲಂತೆ. ಆದರೆ ಸಕ್ಕರೆ ಎರಡೂ ಕಡೆ ಬೀಳುತ್ತದೆ, ಆದ್ದರಿಂದ ಚಹಾಕ್ಕೆ ಹಾಕುವುದನ್ನು ಅರ್ಧ ಮಾಡು. ಒಂದು ಚಿಟಿಕೆ ಉಪ್ಪು ಹಾಕು. ಸೋಸುವಾಗ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ನಾಲ್ಕಾರು ಸಲ ಸುರಿ, ಅದೇ ಚೀಲದಲ್ಲಿ ಹಾಯಿಸಿ. ಈ ಪಾರ್ಸಲಿನಲ್ಲಿ ಒಂದು ಚೀಲ ಇಟ್ಟಿದ್ದೇನೆ. ಚೆನ್ನಾಗಿ ಒಗೆದದ್ದು, ಗಂಜಿ ಇಲ್ಲ.

ಅವ್ವ ಚಹಾ ಕುಡಿಯುತ್ತ ಏನೇನು ಹೇಳಿದಳೋ ಎಲ್ಲವನ್ನೂ ಬರೆ. ಇಲ್ಲಿ ಕೇಳುವವರಿದ್ದಾರೆ.

ಹುಡುಗಿಯ ವಿಷಯದಲ್ಲಿ ಅವಸರ ಬೇಡ. ನಾನು ಬಂದ ಮೇಲೆ ಮಾತಾಡೋಣ. ಅವ್ವನ ಹತ್ತಿರ ಒಂದು ಮಾತು ಕೇಳುವುದಿತ್ತು. ಇನ್ನೊಮ್ಮೆ ಬರೆಯುತ್ತೇನೆ.

ವೀರೇಶ

*

ಬನಹಟ್ಟಿ
27 ಮೇ 2001

ವೀರೂ,

ಬಾಯಿ ಸಿಹಿ ಮಾಡಿಕೊಂಡು ಓದು. ನಿನ್ನ ಲಗ್ನ ನಿಕ್ಕಿ ಆಯಿತು.

'ಅವಸರ ಬೇಡ' ಎಂದು ನೀನು ಬರೆದದ್ದನ್ನು ಅವ್ವನಿಗೆ ಓದಿದೆ. ಇಬ್ಬರೂ ನಕ್ಕೆವು. ನಮ್ಮ ಮನೆತನದ ಗಂಡಸರು ಹೂಂ ಎನ್ನುವ ರೀತಿಯೇ ಅದು. ಅಪ್ಪನೂ ಹೀಗೇ ಅವಸರ ಬೇಡ, ಅವಸರ ಬೇಡ ಎನ್ನುತ್ತಲೇ ಬಾಸಿಂಗ ಕಟ್ಟಿಕೊಂಡನಂತೆ.

ಹೋದ ವಾರ ಮುರಗೆಪ್ಪನವರು ಮನೆ ನೋಡಲು ಬಂದರು, ಜೊತೆಗೆ ನಾಲ್ಕು ಹಿರಿಯರು. ಬರೀ ನೋಡಿ ಹೋಗುವ ಮಾತು. ರಿವಾಜು ನಿನಗೆ ಗೊತ್ತು. ಒಪ್ಪಿಗೆಯಾಗುವ ತನಕ ನಾವು ಸಿಹಿ ಕೊಡುವುದಿಲ್ಲ, ಅವರೂ ಮುಟ್ಟುವುದಿಲ್ಲ. ಸಿಹಿ ಕೊಟ್ಟರೆ ಮಾತು ಕೊಟ್ಟಂತೆ. ಚುರುಮುರಿ, ಮಿರ್ಚಿ, ಚಹಾ, ಅಷ್ಟೇ. ಎಲ್ಲ ಹಾಗೇ ಮಾಡಿದೆ. ಆದರೆ ಬಿಸಿಲು ಎಂಥದೆಂದರೆ, ಬಂದವರು ಅಂಗಿಯ ಗುಂಡಿ ಬಿಚ್ಚಿಕೊಂಡು ಕುಳಿತರು. ಬಿಸಿ ಚಹಾ ಕೊಡಲು ಮನಸ್ಸಾಗದೆ ನಿನ್ನ ಚಹಾ ಮಾಡಿದೆ.

ಮುರಗೆಪ್ಪನವರು ಒಂದೇ ಗುಟುಕಿಗೆ ಅರ್ಧ ಲೋಟ ಮುಗಿಸಿದರು. ಮೀಸೆ ಒರೆಸಿಕೊಂಡು, 'ಮ್ಯಾಲ ಹಾಕಿದ್ದು ಏನರಿ ಇದು?' ಎಂದರು. 'ಬಾಸುಂದಿ ರೀ' ಎಂದೆ, ಹೆಮ್ಮೆಯಿಂದಲೇ ಎಂದೆ. ಅವರು ಜೊತೆಗಿದ್ದ ಹಿರಿಯರ ಕಡೆ ತಿರುಗಿ, 'ಬೀಗರು ಬಾಸುಂದಿ ಕುಡಿಸ್ಯಾರಪಾ, ಇನ್ನೇನ ಮಾತು ಉಳೀತು?' ಎಂದು ಇನ್ನೊಂದು ಲೋಟ ಬೇಡಿ ಕುಡಿದರು! ನಾನು ಅದನ್ನು ಚಹಾ ಎಂದು ಕೊಟ್ಟಿದ್ದೆ, ಅವರು ಬಾಸುಂದಿ ಎಂದು ಕುಡಿದರು. ಅಲ್ಲ ಎನ್ನುವುದು ಹೇಗೆ? ಅವ್ವನ ಮುಖ ನೋಡಿದೆ. ಅವಳು, 'ಆಗ್ಲಿ ಬಿಡು, ಶಿವಾನ ಕುಡಿಸ್ಯಾನ' ಎಂದಳು. ಅವರು ಊರಿಗೆ ಹೋಗಿ ಪೇಟೆಯ ತುಂಬ ಸಕ್ಕರೆ ಹಂಚಿದ್ದಾರೆ. ಶ್ರಾವಣದಲ್ಲಿ ನಿಶ್ಚಯ.

ನೀನು ಕಳಿಸಿದ ಚೀಲ ಬಹಳ ಚೆಂದ. ಹೊಲಿಗೆ ಎಷ್ಟು ಸಣ್ಣದು! ಬಾಯಿಯ ಸುತ್ತ ಕೆಂಪು ದಾರದಲ್ಲಿ ಹೂವಿನ ಬಳ್ಳಿ ಬೇರೆ. ಅಲ್ಲಿಯ ದರ್ಜಿಗಳು ಚಹಾ ಚೀಲಕ್ಕೂ ಇಷ್ಟು ಕಷ್ಟಪಡುತ್ತಾರೆಯೇ? ಅವ್ವ ಅದನ್ನು ತಾನೇ ಒಗೆದು ತಾನೇ ಒಣಗಿಸುತ್ತಾಳೆ. 'ಹೊಲಿದಾಕಿ ಕೈ ಛಲೋ ಐತಿ' ಎನ್ನುತ್ತಾಳೆ.

ನೀನು ಬರುವ ತಾರೀಖು ಬರೆ.

ಗಂಗಾಂಬಿಕಾ

*

ಸುಫಾನ್‌ಬುರಿ
15 ಜೂನ್ 2001

ಅಕ್ಕಾ,

ಇದನ್ನು ಮೊದಲು ನೀನೊಬ್ಬಳೇ ಓದು.

ನನ್ನ ಲಗ್ನ ಆಗಿದೆ. ಹೋದ ನವೆಂಬರಿನಲ್ಲಿ. ಅವಳ ಹೆಸರು ಜಿಂತನಾ. ಕಾರ್ಖಾನೆಯ ಗೇಟಿನ ಎದುರು ಅವಳೂ ಅವಳ ತಾಯಿಯೂ ಚಹಾ ಅಂಗಡಿ ನಡೆಸುತ್ತಾರೆ. ನಾನು ಕಳಿಸಿದ ಪುಡಿ ಅವಳದು, ಮಾಡುವ ರೀತಿ ಅವಳದು. ಅವಳು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಚೀಲ ಹೊಲಿದವಳೂ ಅವಳೇ. ಪರಸಪ್ಪನಿಗೆ ಎಲ್ಲ ಗೊತ್ತಿತ್ತು. ಬಾಯಿ ಬಿಡಬೇಡವೆಂದು ಆಣೆ ಹಾಕಿಸಿದ್ದೆ.

ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀ. ಹೆದರಿದೆ, ಅಷ್ಟೇ. ಪಕ್ಕದ ಮನೆಯ ನೀರು ಕುಡಿಯದ ಅವ್ವನಿಗೆ ಇವಳನ್ನು ಹೇಗೆ ತೋರಿಸಲಿ? ಮೊದಲು ಅವಳ ಚಹಾ ಅವ್ವನಿಗೆ ಹಿಡಿಸಲಿ, ಆಮೇಲೆ ಅವಳ ಹೆಸರು ಹೇಳೋಣ ಎಂದುಕೊಂಡೆ. ಜಾಣತನ ಮಾಡಲು ಹೋಗಿ ಆ ಪ್ರತಿಮಾಳ ಹೆಸರಿಗೆ ಮಸಿ ಬಳಿಯುವ ಹಾಗಾಯಿತು. ನಾಚಿಕೆಯಾಗಿದೆ.

ಜಿಂತನಾಳನ್ನು ನಾನು ಬಿಡುವುದಿಲ್ಲ. ಅವಳಿಗೆ ನಿಮ್ಮೆಲ್ಲರನ್ನೂ ನೋಡುವ ಆಸೆ. ರೊಟ್ಟಿ ಬಡಿಯಲು ಕಲಿತಿದ್ದಾಳೆ, ಇನ್ನೂ ದುಂಡಗೆ ಬರುವುದಿಲ್ಲ. 'ಹೊಲಿದಾಕಿ ಕೈ ಛಲೋ ಐತಿ' ಎಂದು ಅವ್ವ ಹೇಳಿದ್ದನ್ನು ಓದಿ ಹೇಳಿದೆ. ಅವಳು ಅತ್ತಳು. ಆಗಲೇ ನನಗೆ ಇನ್ನು ಸುಮ್ಮನಿರಬಾರದು ಅನ್ನಿಸಿತು.

ಅವಳನ್ನು ಕರೆದುಕೊಂಡು ಮನೆಗೆ ಬರಬಹುದೋ ಇಲ್ಲವೋ, ಅವ್ವನನ್ನು ಕೇಳಿ ಹೇಳು.

ವೀರೇಶ

*

ಬನಹಟ್ಟಿ
8 ಜುಲೈ 2001

ವೀರೇಶ,

ಪತ್ರ ಬಂತು. ಅವ್ವನಿಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ಚಹಾ ಪುಡಿಯ ಡಬ್ಬಿಯನ್ನೂ ಚೀಲವನ್ನೂ ಅಟ್ಟದ ಮೇಲೆ ಇರಿಸಿದಳು. 'ನಾಕು ತಿಂಗಳ ನನಗ ಯಾರ ಕೈಲೆ ಕುಡಿಸಿದ್ರಿ?' ಎಂದು ನನ್ನನ್ನೇ ಕೇಳಿದಳು, ನಾನೂ ನಿನ್ನ ಪಾಲುದಾರಳೆಂಬಂತೆ. ಅಂದಿನಿಂದ ಮನೆಯಲ್ಲಿ ನಿನ್ನ ಹೆಸರಿಲ್ಲ.

ನನಗೂ ಸಿಟ್ಟು ಬಂದಿದೆ. ಲಗ್ನವಾದದ್ದಕ್ಕಲ್ಲ. ನನಗೆ ಹೇಳಬಹುದಾಗಿತ್ತು. ನಿನ್ನ ಕಳ್ಳತನಗಳನ್ನೆಲ್ಲ ಸಣ್ಣಂದಿನಿಂದ ಮುಚ್ಚಿಟ್ಟವಳು ನಾನು. ಇದೊಂದು ಹೆಚ್ಚಾಗುತ್ತಿತ್ತೇ?

ಮುರಗೆಪ್ಪನವರಿಗೆ ನಾವೇ ಹೋಗಿ ಹೇಳಬೇಕು. ಆಷಾಢ ಕಳೆಯಲಿ ಎಂದಿದ್ದಾರೆ ನಿಮ್ಮ ಮಾಮಾ. ನಾನು ಬರೆಯುವ ತನಕ ನೀನು ಬರೆಯಬೇಡ.

ಗಂಗಾಂಬಿಕಾ

*

ಸುಫಾನ್‌ಬುರಿ
5 ಆಗಸ್ಟ್ 2001

ಅಕ್ಕಾ,

ಬರೆಯಬೇಡ ಎಂದಿದ್ದೆ, ಆದರೂ ಬರೆಯುತ್ತಿದ್ದೇನೆ. ಮಹಾಲಿಂಗಪುರಕ್ಕೆ ನಾನೇ ಬಂದು ಅವರ ಮುಂದೆ ನಿಲ್ಲುತ್ತೇನೆ. ನೀವು ಬೈಸಿಕೊಳ್ಳುವುದು ಬೇಡ. ಒಂದು ಮಾತು ಬರೆದರೆ ರಜೆ ಹಾಕುತ್ತೇನೆ.

ಚೀಲ ಹರಿದಿದೆಯೇ, ಬೇರೆ ಹೊಲಿಯಲೇ ಎಂದು ಜಿಂತನಾ ಕೇಳುತ್ತಾಳೆ. ಅಟ್ಟದ ಸಂಗತಿ ಅವಳಿಗೆ ಹೇಳಿಲ್ಲ.

ವೀರೇಶ

*

ಬನಹಟ್ಟಿ
26 ಆಗಸ್ಟ್ 2001

ವೀರೂ,

ನಿನ್ನ ಪತ್ರ ಮುಟ್ಟುವ ಮೊದಲೇ ನಾವು ಹೋಗಿ ಬಂದಾಗಿತ್ತು. ಆಮೇಲೆಯೂ ನಾಲ್ಕು ದಿನ ಪೆನ್ನು ಹಿಡಿಯಲಿಲ್ಲ. ಬೇಕೆಂತಲೇ. ನೀನೂ ಸ್ವಲ್ಪ ಕಾಯಬೇಕು ಅಂತ.

ಶ್ರಾವಣ ಹುಟ್ಟಿದ ಮೇಲೆ ನಾನೊಬ್ಬಳೇ ಹೊರಟಿದ್ದೆ. ಅವ್ವ ಸೀರೆ ಉಟ್ಟು, ತಂಬಿಗೆ ಹಿಡಿದು ಬಂದು ಬಾಗಿಲಲ್ಲಿ ನಿಂತಳು. 'ಹೆತ್ತಾಕಿ ನಾನು. ನೀ ಯಾಕ ಬೈಸಿಕೊಳ್ತೀ?' ಎಂದಳು.

ಮುರಗೆಪ್ಪನವರು ಪಾಪ, ಬೀಗರು ಬಂದರೆಂದು ಎದ್ದು ಬಂದು ಕರೆದುಕೊಂಡರು. ನೀರು ಬಂತು. ಅವ್ವ ಮುಟ್ಟಲಿಲ್ಲ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

'ಬಾಸುಂದಿ ಕುಡಿಸಿ ಮಾತು ಕೊಟ್ಟೀರಿ. ಪ್ಯಾಟಿ ತುಂಬ ಸಕ್ಕರಿ ಹಂಚೇನಿ. ಈಗ ನಾ ಮುಖ ಹೆಂಗ ತೋರಸ್ಲಿ?' ಎಂದರು ಮುರಗೆಪ್ಪನವರು. ಅವರ ಮಾತಿನಲ್ಲಿ ಸುಳ್ಳೇನಿದೆ? ಅವ್ವ ತಲೆ ತಗ್ಗಿಸಿ, 'ತಪ್ಪು ನಮ್ಮದರಿ' ಎಂದಳು. ನಮ್ಮ ಅವ್ವ ಇನ್ನೊಬ್ಬರ ಮುಂದೆ ತಲೆ ತಗ್ಗಿಸಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ನೀನು ಎದುರಿಗಿದ್ದಿದ್ದರೆ ಎರಡು ಬಿಗಿಯುತ್ತಿದ್ದೆ.

ಅಷ್ಟಕ್ಕೇ ಬಿಟ್ಟಿದ್ದರೆ ನಾವು ಹಾಗೇ ಎದ್ದು ಬರುತ್ತಿದ್ದೆವು. ಆದರೆ ಅವರ ಸಿಟ್ಟು ಏರಿತು. 'ಯಾವ ದೇಶದಾಕೀನೋ, ಯಾವ ಜಾತಿಯಾಕೀನೋ! ಅಂಥಾಕಿ ಕಲಿಸಿದ ಚಹಾ ನನಗ ಕುಡಿಸಿದ್ರಲ್ಲಾ, ನನ್ನ ಬಾಯಿ ಹೊಲಸಾತು' ಎಂದರು.

ಅವ್ವ ತಲೆ ಎತ್ತಿದಳು.

'ಮುರಗೆಪ್ಪನವರ, ಮಾತು ಕೊಟ್ಟದ್ದು ನಮ್ಮ ತಪ್ಪು. ಅದಕ್ಕ ಎಷ್ಟರ ಬೈರಿ, ಕುಂತು ಕೇಳ್ತೇನಿ. ಆದ್ರ ಚಹಾಕ್ಕ ಹೆಸರು ಇಡಬ್ಯಾಡ್ರಿ. ಅದು ನನ್ನ ಸೊಸಿ ಕಲಿಸಿದ್ದು. ನೀವು ಅವತ್ತ ಎರಡನೇ ಲೋಟ ಬೇಡಿ ಕುಡದೀರಿ.'

ನನ್ನ ಸೊಸಿ ಎಂದಳು, ವೀರೂ. ಅಟ್ಟದ ಮೇಲೆ ಡಬ್ಬಿ ಇಟ್ಟ ಮೇಲೆ ಅವಳ ಬಾಯಲ್ಲಿ ಆ ಹುಡುಗಿಯ ಸುದ್ದಿಯೇ ಬಂದಿರಲಿಲ್ಲ. ಮೊದಲ ಸಲ ಬಂದದ್ದು ಅಲ್ಲಿ, ಆ ಪಡಸಾಲೆಯಲ್ಲಿ.

ಒಳಬಾಗಿಲಲ್ಲಿ ಪ್ರತಿಮಾ ನಿಂತಿದ್ದಳು. 'ಅಪ್ಪಾ, ಬಾಸುಂದಿ ಕುಡದಾಂವ ನೀನು. ನಾ ಏನೂ ಕುಡದಿಲ್ಲ. ನನ್ನ ಯಾರೂ ಕೇಳೂ ಇಲ್ಲ' ಎಂದಳು. ಬಿ.ಎಡ್.ಗೆ ಅರ್ಜಿ ಹಾಕಿದ್ದಾಳಂತೆ, ಲಗ್ನ ಎಂದ ಕೂಡಲೇ ಅಪ್ಪ ಅದನ್ನು ನಿಲ್ಲಿಸಿದ್ದರಂತೆ. 'ಪ್ಯಾಟ್ಯಾಗ ಯಾರರ ಕೇಳಿದ್ರ, ಮಗಳು ಕಲೀತಾಳಂತ, ಒಲ್ಲೆ ಅಂದ್ಳು ಅಂತ ಹೇಳಿಬಿಡು' ಎಂದು ನಮ್ಮ ಎದುರಿಗೇ ಹೇಳಿದಳು. ಒಳ್ಳೆಯ ಹುಡುಗಿ. ನಮ್ಮ ಮನೆಗೆ ಬರಲಿಲ್ಲವಲ್ಲ ಎಂದು ನನಗೆ ಈಗಲೂ ಹಳಹಳಿ ಇದೆ, ಮುಚ್ಚಿಡುವುದಿಲ್ಲ. ನೀನು ಅವಳಿಗೆ ಒಂದು ಪತ್ರ ಬರೆದು ತಪ್ಪು ಒಪ್ಪಿಕೊಳ್ಳಬೇಕು. ಮುರಗೆಪ್ಪನವರ ಕಾಲಿಗೆ ಬಂದು ಬೀಳಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ನಾವು ಏಳುವಾಗ ಪ್ರತಿಮಾ ಬೇರೆ ನೀರು ತಂದು ಅವ್ವನ ಮುಂದೆ ಹಿಡಿದಳು. ಅವ್ವನ ಮಡಿಲಲ್ಲೇ ತುಂಬಿದ ತಂಬಿಗೆ ಇತ್ತು. ಅವ್ವ ಅದನ್ನು ಬದಿಗಿಟ್ಟು, ಆ ಹುಡುಗಿಯ ಕೈಯಿಂದ ಲೋಟ ಇಸಿದುಕೊಂಡು ಕುಡಿದಳು.

ಮನೆಗೆ ಬಂದು ಕಾಲು ತೊಳೆದವಳೇ, 'ಆ ಡಬ್ಬಿ ಇಳಸು' ಎಂದಳು. ನೀರಿಗೆ ಚಕ್ರಮೊಗ್ಗು ತಾನೇ ಹಾಕಿದಳು, ಪಾತ್ರೆ ಇಳಿಸಿ ಪುಡಿ ತಾನೇ ಹಾಕಿದಳು. ನಾನು ಹಿಂದೆ ಮಾಡುವಾಗ ಎಲ್ಲವನ್ನೂ ನೋಡಿಟ್ಟುಕೊಂಡಿದ್ದಾಳೆ. ಬಳ್ಳಿಯ ಚೀಲದಲ್ಲಿ ಸೋಸಿ, ಎತ್ತರದಿಂದ ಸುರಿದು, ಬರ್ಫ ಇಲ್ಲದೆ ಹಾಗೇ ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು.

'ಮಳಿಗಾಲದ ಹಸಿಗೆ ಪುಡಿ ಘಮ ಹೋಗೇತಿ. ಹೊಸಾದು ಬೇಕು ಅಂತ ಬರಿ ಅವಗ.'

ನಾನು ಪೆನ್ನು ಹುಡುಕುತ್ತ, 'ಪಾರ್ಸಲ್ ಹಾಕು ಅಂತ ಬರೀಲೇನ?' ಎಂದೆ.

'ಪಾರ್ಸಲ್ ಯಾಕ? ದೀಪಾವಳಿಗಿ ಆಕೀನ ಪುಡಿ ತಗೊಂಡು ಬರಲಿ' ಎಂದಳು. ಚೀಲವನ್ನು ಹಿಂಡಿ ಹಗ್ಗದ ಮೇಲೆ ಹರವಿ, ಬಾಯಿಯ ಬಳ್ಳಿಯನ್ನು ಬೆರಳಿನಿಂದ ನೇರ ಮಾಡಿದಳು. 'ಬಾಸುಂದಿ ನಾ ಮಾಡಿ ಇಟ್ಟಿರ್ತೇನಿ ಅಂತ ಬರಿ.'

ನಿನ್ನ ಅಕ್ಕ,
ಗಂಗಾಂಬಿಕಾ